ಜಳಕಕ್ಕೆ ನೀರು

ಕಳೆದ ತಿಂಗಳು ಕಳಸದ ಹತ್ತಿರ ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆಗೆ ಹೋಗಿದ್ದೆ. ಒಂದು ರಾತ್ರಿಯಾದರೂ ಉಳಿಯಲೇಬೇಕೆಂದು ಅವಳ ಹಟ. ಮನೆಯಲ್ಲಿ ಗೀಸರು, ಶವರು ಎಲ್ಲ ಇದ್ದವು, ಆದರೆ ಬೆಳಿಗ್ಗೆ ಎದ್ದಾಗ ಕರೆಂಟಿರಲಿಲ್ಲ. ಅವಳು ಸಂಕೋಚಪಡುತ್ತಲೇ ಹಿತ್ತಲಿನ ಹಳೆಯ ಬಚ್ಚಲುಮನೆಗೆ ಕರೆದುಕೊಂಡು ಹೋದಳು. ಬಾಗಿಲು ದೂಡಿದ್ದೇ ತಡ, ಕಾಫಿ ಗಿಡದ ಕಟ್ಟಿಗೆ ಉರಿದ ಹೊಗೆ, ಕಾದ ತಾಮ್ರ, ಒದ್ದೆ ಕಲ್ಲು... ಎಲ್ಲ ಸೇರಿದ ಆ ವಾಸನೆ ಮುಖಕ್ಕೆ ಬಡಿಯಿತು. ಮೊದಲ ತಂಬಿಗೆ ಹೊಯ್ದುಕೊಂಡರೆ ನೀರಿಗೂ ಅದೇ ಹೊಗೆ. ನಾನು ತಂಬಿಗೆ ಹಿಡಿದುಕೊಂಡು ಹಾಗೇ ಕೂತುಬಿಟ್ಟೆ. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲವೆಂದು ಹುಡುಗಿ ಗಾಬರಿಯಾಗಿ ಬಾಗಿಲು ಬಡಿದಳು. ಏನೂ ಆಗಿಲ್ಲ ಕಣೇ ಎಂದೆ. ಓನರಕ್ಕ ನೆನಪಾಗಿದ್ದರು, ಅಷ್ಟೆ.

ಓನರಕ್ಕ ಎಂಬುದು ನಾನೂ ನಮ್ಮ ಅವ್ವನೂ ಇಟ್ಟ ಹೆಸರು. ಮೊದಲು ಸಿಟ್ಟಿನಲ್ಲಿ ಹುಟ್ಟಿದ್ದು, ಆಮೇಲೆ ಅವರೆದುರೇ ಹಾಗೆ ಕರೆಯುವಷ್ಟು ಸಲಿಗೆಯಾಯಿತು. ಐವತ್ತರ ಆಚೀಚಿನ ಹೆಂಗಸು. ಜಾವಳಿ ಕಡೆ ಅವರಿಗೆ ಸ್ವಲ್ಪ ಕಾಫಿ ತೋಟವಿತ್ತು. ಹೆಣ್ಣುಮಕ್ಕಳ ಓದಿಗೆಂದು ಮೂಡಿಗೆರೆ ಪೇಟೆಯಲ್ಲಿ ಮನೆ ಕಟ್ಟಿಸಿದವರು, ಮಕ್ಕಳು ಮದುವೆಯಾಗಿ ಹೋದ ಮೇಲೆ ಅರ್ಧ ಮನೆಯನ್ನು ಕಾಲೇಜಿನವರಿಗೆ ಬಾಡಿಗೆಗೆ ಕೊಡುತ್ತಿದ್ದರು. ಬೆಳಿಗ್ಗೆ ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ಕುತ್ತಿಗೆಯ ಗುಂಡಿಯನ್ನೂ ಬಿಡದೆ ಹಾಕಿ, ತಲೆಗೆ ಟವೆಲ್ ಸುತ್ತಿ ಜೀಪು ಹತ್ತಿದರೆ ವಾಪಸಾಗುವುದು ಸಂಜೆಗೆ. ಮಾತು ಕಡಿಮೆ. ಆಡಿದ್ದೆಲ್ಲ ಅಪ್ಪಣೆಯ ಧಾಟಿ. ಜೀಪಿನ ಡ್ರೈವರ್‌ಗೂ ಅದೇ ದನಿ, ದೇವರಿಗೂ ಅದೇ ದನಿ.

ನಾವು ಕೊಪ್ಪಳದ ಕಡೆಯವರು. ಬಿಸಿಲು, ಜೋಳ, ಹತ್ತಿ ನೋಡಿ ಬೆಳೆದವರು. ತೊಂಬತ್ತರ ದಶಕ ಅರ್ಧ ದಾಟಿದ ಕಾಲ. ಆ ವರ್ಷ ಶ್ರಾವಣದಲ್ಲಿ ಅಪ್ಪ ತೀರಿಕೊಂಡರು. ಅದಾದ ಮೇಲೆ, ಚಳಿಗಾಲ ಶುರುವಾಗುವ ಹೊತ್ತಿಗೆ, ಮೂಡಿಗೆರೆಯ ಕಾಲೇಜಿಗೆ ಇತಿಹಾಸದ ಉಪನ್ಯಾಸಕಿಯಾಗಿ ನನಗೆ ಆದೇಶ ಬಂತು. ಮೂಡಿಗೆರೆ ಎಲ್ಲಿದೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ಆದರೆ ಗೊತ್ತಿದ್ದವಳ ಹಾಗೆ ಮಾತಾಡಿದೆ. ಅಣ್ಣ ಒಂದು ಷರತ್ತು ಹಾಕಿದ. "ನೌಕರಿ ಮಾಡು, ಬ್ಯಾಡ ಅನ್ನಂಗಿಲ್ಲ. ಆದ್ರ ಅವ್ವ ನಿನ್ ಜೋಡಿ ಇರಬೇಕು. ಅವ್ವ ಅಲ್ಲಿ ಒಲ್ಲೆ ಅಂದ ದಿನ ನೌಕರಿನೂ ಮುಗೀತು, ತಿಳ್ಕೊ." ಸಂಕ್ರಾಂತಿಗೆ ತಾನೇ ಬಂದು ನೋಡುತ್ತೇನೆ ಎಂದ. ಅವನ ಮನಸ್ಸಿನಲ್ಲಿ ಗಂಗಾವತಿಯ ಗೊಬ್ಬರದ ಅಂಗಡಿಯವನ ಸಂಬಂಧವೊಂದು ಆಗಲೇ ಕುದುರಿತ್ತು. ಆತ ಒಮ್ಮೆ ಬಂದು ನನ್ನನ್ನು ನೋಡಿ, ಓದಿದ ಹುಡುಗಿ ಲೆಕ್ಕಪತ್ರಕ್ಕೆ ಅನುಕೂಲ ಎಂದು ಹೇಳಿ ಹೋಗಿದ್ದ.

ಹೀಗಾಗಿ ಎಲ್ಲ ನಿಂತದ್ದು ಅವ್ವನ ಮೇಲೆ. ಅವ್ವ ಆ ಊರಿನಲ್ಲಿ ನಿಂತರೆ ನಾನು ನಿಂತೆ, ಅವ್ವ ಎದ್ದು ಹೊರಟರೆ ನಾನು ಗೊಬ್ಬರದ ಅಂಗಡಿಯ ಗಲ್ಲೆಗೆ. ಅವ್ವನಿಗೋ ಅಪ್ಪ ಹೋದ ಮೇಲೆ ಯಾವುದರ ಮೇಲೂ ಮನಸ್ಸಿರಲಿಲ್ಲ. ಹೋಗೋಣ ಅಂದರೆ ಹೋಗೋಣ, ಉಣ್ಣು ಅಂದರೆ ಉಣ್ಣುವುದು. ಒಳಗೆ ಏನಿದೆಯೆಂದು ಬಾಯಿ ಬಿಡುತ್ತಿರಲಿಲ್ಲ.

ರಾತ್ರಿಯೆಲ್ಲ ಬಸ್ಸಿನಲ್ಲಿ ಕುಲುಕಿ, ಕಡೂರಿನಲ್ಲಿ ಇಳಿದು, ಚಿಕ್ಕಮಗಳೂರಿನಲ್ಲಿ ಮತ್ತೆ ಇಳಿದು ಹತ್ತಿ, ಟ್ರಂಕು, ಹಾಸಿಗೆ ಸುರುಳಿ, ಜೋಳದ ಹಿಟ್ಟಿನ ಡಬ್ಬಿ, ರೊಟ್ಟಿ ಹಂಚು ಸಮೇತ ಮೂಡಿಗೆರೆ ಮುಟ್ಟುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಮನೆಯನ್ನು ಕಾಲೇಜಿನ ಸಹೋದ್ಯೋಗಿಯೊಬ್ಬರು ಮೊದಲೇ ಗೊತ್ತುಮಾಡಿಟ್ಟಿದ್ದರು, ಬಸ್ಸಿಳಿದಾಗ ಬೀಗದ ಕೈಯನ್ನೂ ತಂದುಕೊಟ್ಟರು. ಗೇಟಿನ ಸದ್ದಿಗೆ ಓನರಕ್ಕ ಹೊರಗೆ ಬಂದರು. ಅವತ್ತೇ ಅವರನ್ನು ಮೊದಲು ನೋಡಿದ್ದು. ಅವ್ವನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು.

"ಬಂದ್ರಾ? ನೀರು ಕಾದಿದೆ. ಮೊದ್ಲು ಇಬ್ರೂ ಸ್ನಾನ ಮಾಡ್ಕಂಡು ಬನ್ನಿ. ಊಟ-ಗೀಟ ಎಲ್ಲ ಆಮೇಲೆ," ಎಂದರು.

ಅವ್ವ ಮೆಟ್ಟಿಲ ಮೇಲೇ ನಿಂತುಬಿಟ್ಟಳು. ನನ್ನ ಕೈಯಿಂದ ನಮ್ಮ ಪಾಲಿನ ಮನೆಯ ಬೀಗದ ಕೈ ಕಸಿದುಕೊಂಡು, ಓನರಕ್ಕನ ಕಡೆ ತಿರುಗಿಯೂ ನೋಡದೆ, ಬಾಗಿಲು ತೆಗೆದು ಒಳಗೆ ಹೋಗಿ ಹಾಸಿಗೆ ಸುರುಳಿಯ ಮೇಲೆ ಕೂತಳು. ಊಟಕ್ಕೆ ಕರೆದರೂ ಹೋಗಲಿಲ್ಲ. ಬಸ್ಸಿಗೆಂದು ಕಟ್ಟಿಕೊಂಡು ಬಂದಿದ್ದ ಸಜ್ಜೆರೊಟ್ಟಿಯನ್ನೇ ಮುರಿದು ತಿಂದೆವು.

ಇದನ್ನು ಬಿಡಿಸಿ ಹೇಳಬೇಕು. ನಮ್ಮ ಕಡೆ ಮನೆಗೆ ಬಂದವರಿಗೆ ಕಾಲಿಗೆ ನೀರು ಕೊಡುತ್ತಾರೆ, ಕುಡಿಯಲು ನೀರು ಕೊಡುತ್ತಾರೆ, ಬಾಯಿಗೆ ಒಂದು ಚೂರು ಬೆಲ್ಲ ಕೊಡುತ್ತಾರೆ. ಬಾಗಿಲಲ್ಲಿ ನಿಲ್ಲಿಸಿ ಮೊದಲು ಮೈಮೇಲೆ ನೀರು ಹಾಕಿಕೊಂಡು ಬಾ ಎಂದು ಹೇಳುವುದು ಸಾವಿನ ಮನೆಯಿಂದ ಬಂದವರಿಗೆ ಮಾತ್ರ. ಅದಕ್ಕೆ ಮಾತೂ ಬೇರೆ. ದಿನಾ ಮಾಡುವುದು ಜಳಕ. ಹೆಣ ಸಾಗಿಸಿ ಬಂದು ಮಾಡುವುದನ್ನು ಅವ್ವ ಸ್ನಾನ ಎನ್ನುತ್ತಿದ್ದಳು. ಆ ಮಾತನ್ನು ಅವಳು ಕೊನೆಯದಾಗಿ ಕೇಳಿದ್ದು ಅಪ್ಪನನ್ನು ಹೊಲಕ್ಕೆ ಒಯ್ದು ಬಂದ ದಿನ.

"ನನ್ನ ಹಣಿ ನೋಡಿದ್ಲು, ಬರಿ ಹಣಿ. ನೋಡಿ ಅಂದ್ಲು ಆಕಿ," ಎಂದಳು ಅವ್ವ ಸಂಜೆಗೆ. "ಸಾವು ಹೊತ್ಕೊಂಡು ಬಂದೀವಿ ಅಂತ ತಿಳಕೊಂಡಾಳ. ನಿಮ್ಮಣ್ಣ ಬರಲಿ, ನಾ ಹೊಳ್ಳಿ ಹೋಗ್ತೀನಿ."

ನನಗೂ ಮೈ ಉರಿದಿತ್ತು. ಆದರೆ ವಾಪಸು ಹೋಗುವ ಮಾತು ಕೇಳಿದ್ದೇ ಆ ಉರಿಯ ದಿಕ್ಕು ಬದಲಾಯಿತು. ನಾನು ಹಟದ ಹೆಣ್ಣು. ಯಾರಾದರೂ ಇಲ್ಲಿ ನಿನಗೆ ಆಗುವುದಿಲ್ಲ ಎಂದರೆ ಅಲ್ಲೇ ಗೂಟ ಹೊಡೆದುಕೊಂಡು ಕೂರುವವಳು. ಈ ಊರಲ್ಲೇ ಇರುತ್ತೇನೆ, ಈ ಮನೆಯಲ್ಲೇ ಇರುತ್ತೇನೆ, ಅವ್ವನೂ ಇರುತ್ತಾಳೆ ಎಂದು ಅವತ್ತೇ ತೀರ್ಮಾನ ಮಾಡಿದೆ. ಹೇಗೆ ಎಂಬುದು ಮಾತ್ರ ಹೊಳೆದಿರಲಿಲ್ಲ.

ಮನೆಯನ್ನು ಮನೆ ಮಾಡಲು ಹೊರಟೆ. ಕಾಲೇಜು ಮುಗಿಸಿ ಬಂದು ಸೊಂಟಕ್ಕೆ ಸೆರಗು ಸಿಕ್ಕಿಸಿದರೆ ಕತ್ತಲಾಗುವವರೆಗೂ ಅದೇ. ಗೋಡೆಗೆ ಸುಣ್ಣ ಬಳಿದೆ. ಕಿಟಕಿಗೆ ಅವ್ವನ ಹಳೆಯ ಇಳಕಲ್ ಸೀರೆಯನ್ನು ಕತ್ತರಿಸಿ ಪರದೆ ಕಟ್ಟಿದೆ. ಬಸ್‌ಸ್ಟ್ಯಾಂಡಿನ ಹತ್ತಿರದ ಬಡಗಿಗೆ ಹೇಳಿ ರೊಟ್ಟಿ ಬಡಿಯಲು ಒಂದು ಹಲಗೆ ಮಾಡಿಸಿದೆ. ಇದು ಎಂಥಕ್ಕೆ ಎಂದು ಆತ ಕೇಳಿದ. ರೊಟ್ಟಿ ಬಡಿಯಲು ಎಂದರೆ, ರೊಟ್ಟಿ ತಟ್ಟುವುದಲ್ಲವಾ, ಯಾಕೆ ಬಡೀತೀರಿ ಪಾಪ ಎಂದು ನಕ್ಕ. ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ನಗಲಿಲ್ಲ.

ಊರಲ್ಲಿದ್ದಾಗ ಅವ್ವನಿಗೆ ಹೊತ್ತು ಹೋಗುತ್ತಿದ್ದದ್ದು ಮನೆಯ ಮುಂದಿನ ಕಟ್ಟೆಯ ಮೇಲೆ. ಓಣಿಯ ಹೆಂಗಸರೆಲ್ಲ ಅಲ್ಲೇ ಸೇರಿ ಅಕ್ಕಿ ಆರಿಸುತ್ತ, ಒಬ್ಬರ ಮೇಲೊಬ್ಬರು ದೂರು ಹೇಳುತ್ತ ಕೂರುತ್ತಿದ್ದರು. ಇಲ್ಲಿ ಮನೆಯಿಂದ ಮನೆಗೆ ದೂರ. ನಡುವೆ ಬೇಲಿ, ಮರ, ಮಂಜು. ಕರೆಯದೆ ಯಾರೂ ಯಾರ ಮನೆಗೂ ಹೋಗುವುದಿಲ್ಲ. ಅವ್ವ ಮೆಟ್ಟಿಲ ಮೇಲೆ ಕೌದಿ ಹೊದ್ದು ಕೂತು ರಸ್ತೆ ನೋಡುವಳು. ರಸ್ತೆಯಲ್ಲಿ ಎಸ್ಟೇಟಿನ ಜೀಪುಗಳು ಹೋಗುತ್ತಿದ್ದವು, ಅಷ್ಟೆ. "ಇದೇನ್ ಊರೇನ? ಗಿಡದಾಗ ಮನಿ ಒಗದಾರ," ಎನ್ನುತ್ತಿದ್ದಳು. ನಮ್ಮ ಕಡೆ ಮರಕ್ಕೂ ಗಿಡವೆಂದೇ ಹೇಳುವುದು. ಮಾತು ಸುಳ್ಳೇನಲ್ಲ. ಮರಗಳ ನಡುವೆ ಯಾರೋ ಒಂದೊಂದೇ ಮನೆ ಎಸೆದು ಹೋದಂತೆಯೇ ಇತ್ತು ಆ ಬೀದಿ.

ಎಲ್ಲಕ್ಕಿಂತ ಕಷ್ಟವಾದದ್ದು ಬಚ್ಚಲುಮನೆ. ಆ ಮಲೆನಾಡಿನಲ್ಲಿ ಅಡುಗೆಮನೆಗೆ ಎಷ್ಟು ಮರ್ಯಾದೆಯೋ ಬಚ್ಚಲುಮನೆಗೂ ಅಷ್ಟೇ ಮರ್ಯಾದೆ. ಒಲೆಯ ಮೇಲೆ ಕೂರಿಸಿ ಕಟ್ಟಿದ ದೊಡ್ಡ ತಾಮ್ರದ ಹಂಡೆ, ಪಕ್ಕದಲ್ಲಿ ಕಟ್ಟಿಗೆ ರಾಶಿ. ನಮ್ಮ ಪಾಲಿಗೂ ಒಂದು ಹಂಡೆಯಿತ್ತು. ನಮಗಿಂತ ಮೊದಲಿದ್ದ ಬ್ರಹ್ಮಚಾರಿ ಮೇಷ್ಟ್ರು ಅದರೊಳಗೆ ಹಳೆಯ ಪತ್ರಿಕೆಗಳನ್ನು ಪೇರಿಸಿಟ್ಟಿದ್ದರು. ನಾನು ಒಂದು ಭಾನುವಾರವಿಡೀ ಹುಣಸೆಹಣ್ಣು ಹಾಕಿ ತಿಕ್ಕಿ ಅದನ್ನು ಫಳಫಳ ಮಾಡಿದೆ. ಒಲೆಗೆ ಬೆಂಕಿ ಹಾಕಿದೆ. ನಮ್ಮ ಕಡೆ ಹತ್ತಿಕಟ್ಟಿಗೆಗೆ ಕಡ್ಡಿ ಗೀರಿದರೆ ಸಾಕು, ಬುಗ್ಗೆಂದು ಹತ್ತುತ್ತದೆ. ಇಲ್ಲಿಯ ಕಾಫಿ ಬುಡದ ಕುಂಟೆಗೆ, ಆ ದಪ್ಪ ಕೊರಡಿಗೆ, ಅಂಥ ಅವಸರವೇ ಇಲ್ಲ. ಹೊಗೆ ಬಂತು, ಕಣ್ಣೀರು ಬಂತು, ಬೆಂಕಿಯೊಂದು ಬಿಟ್ಟು ಎಲ್ಲ ಬಂತು. ಅವ್ವ ಬಾಗಿಲಲ್ಲಿ ನಿಂತು ನನ್ನ ಮಸಿ ಮುಖ ನೋಡಿ ಒಳಗೆ ಹೋದಳು. ಅವಳ ಕೈಯಲ್ಲಾದರೆ ಹತ್ತುತ್ತಿತ್ತು. ಒಲೆಯ ಮುಂದೆ ಅವಳು ಹುಟ್ಟಾ ಗಟ್ಟಿಗಿತ್ತಿ. ಆದರೆ ಆ ಒಲೆಯನ್ನು ಮುಟ್ಟುವುದಿಲ್ಲವೆಂದು ಕೂತಿದ್ದಳು. ಸೀಮೆಎಣ್ಣೆ ಸ್ಟೋವಿನ ಮೇಲೆ ಒಂದು ಪಾತ್ರೆ ನೀರು ಬೆಚ್ಚಗೆ ಮಾಡಿ ಮೈ ಒರೆಸಿಕೊಳ್ಳುವಳು. ನಾಲ್ಕು ದಿನಕ್ಕೆ ಎದ್ದು ಹೋಗುವವರಿಗೆ ಹಂಡೆ ಯಾಕೆ ಎನ್ನುವಳು.

ಓನರಕ್ಕ ಒಮ್ಮೆ ಕಡುಬು ಕಳಿಸಿದರು, ಒಮ್ಮೆ ಕಿತ್ತಳೆ ಹಣ್ಣು. ಅವ್ವ ಮುಟ್ಟಲಿಲ್ಲ. ಕಡುಬಿನ ಪಾತ್ರೆ ಹಾಗೇ ವಾಪಸು ಹೋಯಿತು. ಪಾತ್ರೆ ಇಸಿದುಕೊಳ್ಳುವಾಗ ಓನರಕ್ಕ ನನ್ನ ಮುಖವನ್ನೇ ನೋಡಿದರು. ಸಂಕ್ರಾಂತಿ ಹತ್ತಿರವಾಗುತ್ತಿತ್ತು. ಅಣ್ಣನಿಂದ ಕಾಲೇಜಿಗೆ ಫೋನು ಬಂತು. ಅವ್ವ ಹೆಂಗದಾಳ ಎಂದು ಕೇಳಿದ. ಆರಾಮದಾಳ ಎಂದೆ. ಸುಳ್ಳನ್ನು ಇಷ್ಟು ಗಟ್ಟಿ ದನಿಯಲ್ಲಿ ಹೇಳಬಹುದೆಂದು ನನಗೆ ಅವತ್ತೇ ಗೊತ್ತಾದದ್ದು.

ಮರುದಿನ ಶನಿವಾರ, ಅರ್ಧ ದಿನದ ಕಾಲೇಜು. ಮನೆಗೆ ಬಂದರೆ ಅವ್ವ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಳು. ಅಣ್ಣ ಬರಲು ಇನ್ನೂ ದಿನಗಳಿದ್ದವು. ಆದರೂ ತುಂಬುತ್ತಿದ್ದಳು. ನನಗೆ ತಲೆ ಕೆಟ್ಟುಹೋಯಿತು. ಚಪ್ಪಲಿ ಕೂಡ ಮೆಟ್ಟದೆ ಅಂಗಳಕ್ಕೆ ಹೋದೆ. ಓನರಕ್ಕ ಅವತ್ತು ತೋಟದಿಂದ ಬೇಗ ಬಂದಿದ್ದರು, ಸಿಮೆಂಟಿನ ಅಂಗಳದಲ್ಲಿ ಒಣಗಲು ಹರಡಿದ್ದ ಕಾಫಿಯನ್ನು ಹಲಗೆಯಿಂದ ಎಳೆಯುತ್ತಿದ್ದರು.

"ಸ್ನಾನ ಮಾಡ್ಕಂಡು ಬನ್ನಿ ಅಂದ್ರಲ್ಲ ಅವತ್ತು, ಏನ್ರಿ ಅದರರ್ಥ? ನಾವೇನ್ ಹೆಣ ಹೊತ್ತು ಬಂದಿದ್ವೇನ್ರಿ ನಿಮ್ಮನಿಗೆ?" ಎಂದೆ.

ಓನರಕ್ಕ ಎಳೆಯುವುದನ್ನು ನಿಲ್ಲಿಸಿದರು. "ಯಾರು ಸತ್ರು ಮಾರಾಯ್ತಿ?" ಎಂದು ನಿಜವಾದ ಗಾಬರಿಯಲ್ಲಿ ಕೇಳಿದರು.

ಜಗಳಕ್ಕೆ ಸಿದ್ಧವಾಗಿ ಹೋದವಳಿಗೆ ಎದುರಿಗಿರುವವರು ಗಾಬರಿಯಾದರೆ ಏನು ಮಾಡುವುದು? ಅಪ್ಪ ಹೋದದ್ದು, ನಮ್ಮ ಕಡೆಯ ರೂಢಿ, ಜಳಕ ಬೇರೆ ಸ್ನಾನ ಬೇರೆ ಎಂಬುದು, ಅಣ್ಣನ ಷರತ್ತು, ತುಂಬುತ್ತಿರುವ ಟ್ರಂಕು... ಎಲ್ಲ ಹೇಳಿದೆ. ಹೇಳುತ್ತ ಅಳು ಬಂತು. ಅದಕ್ಕೆ ಇನ್ನಷ್ಟು ಸಿಟ್ಟು ಬಂತು. ಓನರಕ್ಕ ಅಂಗಳದ ಕಟ್ಟೆಯ ಮೇಲೆ ಕೂತುಬಿಟ್ಟರು.

"ಎಂಥ ಕೆಲ್ಸ ಆಯ್ತು ನೋಡಿ ಮಾರಾಯ್ರೆ," ಎಂದರು. "ನಮ್ಮಲ್ಲಿ ದೂರದಿಂದ ಬಂದೋರಿಗೆ ಬಿಸಿನೀರು ಕೊಡ್ದೆ ಎಲೆ ಹಾಕಿದ್ರೆ ಮರ್ಯಾದೆಯಾ? ಕೊಯ್ಲಿನ ದಿನ. ತೋಟಕ್ಕೂ ಹೋಗ್ದೆ ಬೆಳಿಗ್ಗೆಯಿಂದ ಹಂಡೆಗೆ ಬೆಂಕಿ ಹಾಕ್ಕಂಡು ಕೂತಿದ್ದೆ ನಾನು. ನಿಮ್ಮಮ್ಮ ಚಳೀಲಿ ನಡುಗ್ತಾ ನಿಂತಿದ್ರು, ಅದನ್ನ ನೋಡಿ ಹೇಳಿದ್ದು."

ಕೊಯ್ಲಿನ ಕಾಲದಲ್ಲಿ ಕಾಫಿ ಬೆಳೆಯುವವರು ಒಂದು ದಿನ ಮನೆಯಲ್ಲಿ ಕೂರುವುದೆಂದರೆ ಏನೆಂದು ಆಗ ನನಗೆ ತಿಳಿದಿರಲಿಲ್ಲ. ಆಮೇಲಿನ ವರ್ಷಗಳಲ್ಲಿ ತಿಳಿಯಿತು. ಮಗಳ ಸೀಮಂತಕ್ಕೂ ಬೆಳಿಗ್ಗೆ ಹೋಗಿ ಸಂಜೆ ವಾಪಸಾದವರು ಅವರು.

ಒಳಗೆ ಬಂದು ಅವ್ವನಿಗೆ ಎಲ್ಲ ತಿಳಿಸಿ ಹೇಳಿದೆ. ಅವ್ವ ಕೇಳಿಸಿಕೊಂಡಳು. "ಇರಬಹುದು," ಎಂದಳು. ಮತ್ತೆ ಸೀರೆ ಮಡಚತೊಡಗಿದಳು. ಬುದ್ಧಿಗೆ ಹೋಯಿತು, ಮನಸ್ಸಿಗೆ ಹೋಗಲಿಲ್ಲ. ಕಿಟಕಿಯಿಂದ ನೋಡಿದರೆ ಓನರಕ್ಕ ಕಾಫಿ ಎಳೆಯುತ್ತ ತಮ್ಮಷ್ಟಕ್ಕೆ ತಾವೇ ಏನೋ ಹೇಳಿಕೊಳ್ಳುತ್ತಿದ್ದರು. ಕಿವಿಗೊಟ್ಟರೆ ಒಂದೇ ಮಾತು. ಜಳಕ... ಜಳಕ... ಹೊಸ ಪದವನ್ನು ಬಾಯಲ್ಲಿ ಹೊರಳಿಸಿ ನೋಡುತ್ತಿದ್ದರು.

ಅದಾಗಿ ಎರಡು ಮೂರು ದಿನಗಳಿರಬಹುದು. ಸಂಜೆ ಜೀಪಿನಿಂದ ಇಳಿದ ಓನರಕ್ಕ ತಮ್ಮ ಬಾಗಿಲಿಗೆ ಹೋಗದೆ ನೇರ ನಮ್ಮ ಬಾಗಿಲಿಗೆ ಬಂದರು. ಅದೇ ಅಂಗಿ, ಅಂಗೈಯೆಲ್ಲ ಕಾಫಿ ಹಣ್ಣು ಕಿತ್ತ ಅಂಟಿಗೆ ಕಪ್ಪಗಾಗಿತ್ತು, ಕೂದಲಲ್ಲಿ ಒಣಎಲೆ. ಹೆಗಲ ಮೇಲೆ ಟವೆಲ್. ಅವ್ವ ಮೆಟ್ಟಿಲ ಮೇಲೆ ಕೌದಿ ಹೊದ್ದು ಕೂತಿದ್ದಳು.

"ನಮ್ಮ ಬಚ್ಚಲ ಒಲೆ ಯಾಕೋ ಉರೀತಿಲ್ಲ," ಎಂದರು ಓನರಕ್ಕ. ಆಮೇಲೆ ಸ್ವಲ್ಪ ತಡವರಿಸಿ, ಮೆಟ್ಟಿಲ ಕೆಳಗೇ ನಿಂತು ಕೇಳಿದರು. "ಅವ್ವಾರೆ, ಜಳಕಕ್ಕೆ ನೀರು ಸಿಕ್ತದಾ?"

ನನಗೆ ನಗು ತಡೆಯಲಾಗಲಿಲ್ಲ. ಅವರ ಮನೆಯ ಹಿಂದೆ, ಬಚ್ಚಲ ಹಂಚಿನ ಸಂದಿಯಿಂದ, ಬೆಳಿಗ್ಗೆ ಒಲೆಗಿಟ್ಟು ಹೋಗಿದ್ದ ಕುಂಟೆಯ ನೀಲಿ ಹೊಗೆ ಸೊಗಸಾಗಿ ಏಳುತ್ತಿತ್ತು. ತಿರುಗಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡೆ. ಅವ್ವ ಓನರಕ್ಕನ ಕೈ ನೋಡಿದಳು, ತಲೆ ನೋಡಿದಳು. ನೀರು ಕೇಳಿ ಬಂದವರಿಗೆ ಇಲ್ಲವೆನ್ನುವುದು ನಮ್ಮ ಅವ್ವನ ಹುಟ್ಟುಗುಣದಲ್ಲೇ ಇರಲಿಲ್ಲ. ನೀರಿಲ್ಲದ ಸೀಮೆಯಲ್ಲಿ ಬೆಳೆದವರಿಗೆ ಅದು ಆಗದ ಮಾತು. ಕೌದಿ ಕೆಳಗಿಟ್ಟು ಎದ್ದಳು.

"ಕೂಡ್ರಿ. ಕಾಸ್ತೀನಿ," ಎಂದಳು.

ಆ ಒಲೆಯ ಮುಂದೆ ಅವ್ವ ಕೂತದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ. ದಪ್ಪ ಕುಂಟೆಗಳನ್ನೆಲ್ಲ ಈಚೆಗೆ ಎಳೆದು ಹಾಕಿದಳು. ಚಕ್ಕೆ ಒಡೆದು ಒಳಗಿಟ್ಟಳು. ಊದುಗೊಳವೆಯಿಂದ ಉದ್ದಕ್ಕೆ ಒಂದು ಉಸಿರು. ಬೆಂಕಿ ಹತ್ತಿತು. ನನ್ನನ್ನು ಇಷ್ಟು ದಿನ ಅಳಿಸಿದ್ದ ಒಲೆ ಅದೇನಾ ಎನಿಸಿತು. ನೀರು ಕಾದ ಮೇಲೆ ಓನರಕ್ಕ ಒಳಗೆ ಹೋದರು. ನೀರು ಹೊಯ್ದುಕೊಳ್ಳುವ ಸದ್ದು ಕೇಳಿಸಿತು. ಸ್ವಲ್ಪ ಹೊತ್ತು ಅವ್ವ ಹೊರಗೇ ನಿಂತಿದ್ದಳು. ಆಮೇಲೆ ತಾನಾಗಿಯೇ, "ಬೆನ್ನಿಗೆ ಕೈ ಮುಟ್ಟಂಗಿಲ್ಲ, ತಡೀರಿ," ಎಂದು ಕಡಲೆಹಿಟ್ಟಿನ ಬಟ್ಟಲು ತೆಗೆದುಕೊಂಡು ಒಳಗೆ ಹೋದಳು.

ಮುಂದೆ ನಡೆದದ್ದು ನನಗೆ ಕಿವಿಯಲ್ಲಿ ಮಾತ್ರ ಗೊತ್ತು. ಮೈಮೇಲೆಲ್ಲ ಕೆಂಪಗೆ ಏನಿದು ಎಂದು ಅವ್ವ ಕೇಳಿದಳು. ಕಾಫಿ ಗಿಡದ ಕೆಂಜಿಗ ಇರುವೆ ಕಚ್ಚಿದ್ದು, ಅದು ದಿನಾ ಇದ್ದದ್ದೇ ಎಂದರು ಓನರಕ್ಕ. ಮತ್ತೆ ನೀರಿನ ಸದ್ದು. ಆಮೇಲೆ ಸದ್ದು ನಿಂತಿತು.

"ಕೊಳ್ಳಾಗ ಏನೂ ಇಲ್ಲಲ್ರಿ ನಿಮ್ಗ?" ಎಂಬ ಅವ್ವನ ದನಿ.

"ಹೋಗಿ ಹನ್ನೆರಡು ವರ್ಷ ಆಯ್ತು."

ಅವರ ಮನೆಯ ಹಜಾರದಲ್ಲಿ ಗಂಧದ ಹಾರ ಹಾಕಿದ ಗಂಡನ ಫೋಟೋವನ್ನು ನಾನು ನೋಡಿದ್ದೆ. ಮನೆಯಲ್ಲಿ ಸಾವಿನ ಮಾತೇ ಬೇಡವೆಂದು ಅವ್ವನಿಗೆ ಹೇಳಿರಲಿಲ್ಲ. ಅವ್ವನಿಗೆ ಕಂಡದ್ದು ಹಣೆಯ ಸಣ್ಣ ಬೊಟ್ಟು, ಕುತ್ತಿಗೆವರೆಗೆ ಗುಂಡಿ ಹಾಕಿದ ಅಂಗಿ, ಅಷ್ಟೆ. ಬಾಗಿಲ ಆಚೆ ಮತ್ತೊಂದು ತಂಬಿಗೆ ನೀರು ಹೊಯ್ದ ಸದ್ದು. ಆಮೇಲೆ ಅವ್ವ ಸಣ್ಣ ದನಿಯಲ್ಲಿ ಅಪ್ಪನ ವಿಷಯ ಹೇಳತೊಡಗಿದಳು. ಶ್ರಾವಣದಿಂದ ಇಲ್ಲಿಯವರೆಗೆ ಮಗಳ ಮುಂದೆ ಹೇಳದೇ ಉಳಿಸಿಕೊಂಡದ್ದನ್ನೆಲ್ಲ ಆ ಹೊಗೆಯೊಳಗೆ, ಪರಿಚಯವಿಲ್ಲದ ಒಂದು ಒದ್ದೆ ಬೆನ್ನಿಗೆ ಹೇಳಿದಳು. ನನಗೆ ಕೇಳಿಸಿಕೊಳ್ಳಬಾರದೆನಿಸಿತು. ಅಂಗಳಕ್ಕೆ ಹೋಗಿ, ಯಾರೂ ಹೇಳದಿದ್ದರೂ, ಕಾಫಿಯನ್ನೆಲ್ಲ ಗುಡ್ಡೆ ಮಾಡಿ ಟಾರ್ಪಾಲು ಮುಚ್ಚಿದೆ.

ಅವತ್ತು ಓನರಕ್ಕ ನಮ್ಮಲ್ಲೇ ಉಂಡರು. ಜೋಳದ ರೊಟ್ಟಿಯನ್ನು ಅಗಿದು ಅಗಿದು, "ನಿ‌ಮ್ಮೂರಲ್ಲಿ ಹಲ್ಲಿಗೆ ರಜಾನೇ ಇಲ್ವಾ ಅವ್ವಾರೆ?" ಎಂದರು. "ನಿಮ್ಮ ಕಡುಬಿನಂಗ ಹಲ್ಲಿಲ್ಲದ ಕೂಸು ತಿನ್ನೂದಲ್ರಿ ಇದು," ಎಂದಳು ಅವ್ವ. ಅವರು ಹೋದ ಮೇಲೆ ನಾನು ಮೆಲ್ಲಗೆ, ಅವರ ಒಲೆ ಉರಿಯುತ್ತಲೇ ಇತ್ತು ಗೊತ್ತಾ ಎಂದೆ. ಅವ್ವ ತಟ್ಟೆ ತೊಳೆಯುತ್ತ ತಲೆ ಎತ್ತಲಿಲ್ಲ. "ನನಗೇನ್ ಕಣ್ಣಿಲ್ಲೇನ? ಹೊಗಿ ನಾನೂ ನೋಡೀನಿ," ಎಂದಳು.

ಸಂಕ್ರಾಂತಿಯ ಹಿಂದಿನ ದಿನ ಅಣ್ಣ ಬಂದ. ಬಸ್ಸಿನ ತಿರುವುಗಳಿಗೆ ಹೊಟ್ಟೆ ತೊಳಸಿ, ಮಫ್ಲರ್ ಸುತ್ತಿಕೊಂಡು, ಅದೆಲ್ಲದಕ್ಕೂ ನಾನೇ ಕಾರಣ ಎಂಬ ಮುಖದಲ್ಲಿ ಗೇಟು ದಾಟಿದ. ಸಾಮಾನು ಒಯ್ಯಲು ಹಗ್ಗವನ್ನೂ ತಂದಿದ್ದ. ನಾನು ಮಾತಾಡಲು ಬಾಯಿ ತೆಗೆಯುವಷ್ಟರಲ್ಲಿ ಅವ್ವ ಒಳಗಿನಿಂದ ಬಂದಳು. ಕೈಯಲ್ಲಿ ಊದುಗೊಳವೆ.

"ಬಂದ್ಯಾ? ನೀರು ಕಾದಾವು. ಮೊದ್ಲ ಸ್ನಾನ ಮಾಡಿ ಬಾ. ಊಟ ಆಮ್ಯಾಲೆ," ಎಂದಳು.

ಅಣ್ಣನ ಕೈಯಿಂದ ಚೀಲ ಬಿತ್ತು. "ಯಾರ್ ಸತ್ರಬೇ?" ಎಂದ.

ಅವ್ವ ನಕ್ಕಳು. ಅಪ್ಪ ಹೋದ ಮೇಲೆ ಅದೇ ಮೊದಲು ಅವಳು ನಕ್ಕದ್ದು. ಅಂಗಳದಲ್ಲಿದ್ದ ಓನರಕ್ಕನೂ ನಕ್ಕರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಮತ್ತೆ ಮತ್ತೆ ನಕ್ಕರು. ಅಣ್ಣ ಮಾತ್ರ ಮಫ್ಲರ್ ಬಿಚ್ಚುವುದೋ ಬೇಡವೋ ಎಂದು ತಿಳಿಯದೆ ನಿಂತಿದ್ದ. ಜಳಕ ಮಾಡಿ, ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಉಂಡು, ಹಗ್ಗವನ್ನು ಇಲ್ಲೇ ಬಿಟ್ಟು ಅವನು ಊರಿಗೆ ಹೋದ. ಬಟ್ಟೆ ಒಣಹಾಕಲು ನಾನು ಅದನ್ನು ಹಿತ್ತಲಲ್ಲಿ ಕಟ್ಟಿದೆ. ಗೊಬ್ಬರದ ಅಂಗಡಿಯವನಿಗೆ ಬೇರೆ ಕಡೆ ಹೆಣ್ಣು ಸಿಕ್ಕಿತು. ಆಕೆ ಸುಖವಾಗಿದ್ದಾಳೆಂದು ಕೇಳಿದ್ದೇನೆ, ಸಂತೋಷ.

ಹಾಗೆ ನಾವು ನಿಂತೆವು. ವರ್ಷಗಳು ಹೋದವು... ಅವ್ವ ಕೊಯ್ಲಿನ ದಿನಗಳಲ್ಲಿ ಓನರಕ್ಕನ ಜೊತೆ ಜೀಪು ಹತ್ತಿ ಜಾವಳಿ ತೋಟಕ್ಕೆ ಹೋಗತೊಡಗಿದಳು. ಕಿತ್ತ ಹಣ್ಣಿಗಿಂತ ಕೆಲಸದ ಹೆಂಗಸರ ಜೊತೆ ಆಡಿದ ಮಾತೇ ಹೆಚ್ಚು. ಸಂಜೆ ಬಂದು ಇಬ್ಬರೂ ಇವತ್ತು ಯಾರ ಹಂಡೆ ಎಂದು ವಾದ ಮಾಡುವರು. ಒಮ್ಮೆ ಇಬ್ಬರೂ ಹೊರನಾಡಿಗೆ ಹೋಗಿ ಬಂದರು. ಅಲ್ಲಿಯ ಊಟ ಚೆನ್ನಾಗಿತ್ತೆಂದು ಒಬ್ಬರು, ಉಪ್ಪು ಕಡಿಮೆಯಾಗಿತ್ತೆಂದು ಇನ್ನೊಬ್ಬರು ಒಂದು ವಾರ ಜಗಳವಾಡಿದರು. ನನಗೆ ಬೇರೆ ಊರಿಗೆ ವರ್ಗ ಮಾಡಿಸಿಕೊಳ್ಳುವ ಅವಕಾಶ ಬಂದಾಗ ಅವ್ವನೇ ಬೇಡವೆಂದಳು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಒಂದು ಬೆಳಿಗ್ಗೆ ಓನರಕ್ಕ ಅಂಗಿ ತೊಟ್ಟು, ಟವೆಲ್ ಸುತ್ತಿ, ಜೀಪಿಗೆ ಕಾಯುತ್ತ ಕಟ್ಟೆಯ ಮೇಲೆ ಕೂತವರು ಎದೆ ಹಿಡಿದುಕೊಂಡರು. ಅದೇ ಜೀಪಿನಲ್ಲಿ ಚಿಕ್ಕಮಗಳೂರಿಗೆ ಕರೆದುಕೊಂಡು ಹೊರಟರು. ಊರು ಮುಟ್ಟುವ ಮೊದಲೇ ಜೀವ ಹೋಗಿತ್ತು. ಅವರನ್ನು ತೋಟದಲ್ಲೇ ಸುಟ್ಟರು. ಅವ್ವನೂ ನಾನೂ ಹೋಗಿದ್ದೆವು. ಅವ್ವ ಕಣ್ಣೀರು ಹಾಕಲಿಲ್ಲ. ಕಾಫಿ ಗಿಡದ ಒಂದು ರೆಂಬೆಯನ್ನು ಹಿಡಿದುಕೊಂಡು ನಿಂತಿದ್ದಳು.

ಸಂಜೆ ಮನೆಗೆ ಬಂದಾಗ ಓನರಕ್ಕನ ಮಕ್ಕಳು ಬಚ್ಚಲ ಒಲೆಗೆ ಬೆಂಕಿ ಹಾಕಿ, ಬಂದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಸ್ನಾನಕ್ಕೆ ಕಳಿಸುತ್ತಿದ್ದರು. ಸಾವಿನ ಮನೆಯಿಂದ ಬಂದ ಮೇಲೆ ಇಲ್ಲಿಯೂ ಅದೇ ರೂಢಿ. ಎಲ್ಲರದ್ದೂ ಮುಗಿಯಿತು, ನನ್ನದೂ ಆಯಿತು. ಅವ್ವ ಮಾತ್ರ ಮೆಟ್ಟಿಲ ಮೇಲಿಂದ ಏಳಲಿಲ್ಲ. ದೊಡ್ಡ ಮಗಳು ಬಂದು, ಸ್ನಾನ ಮಾಡಿ ಬನ್ನಿ ಅವ್ವಾರೆ, ಆಮೇಲೆ ಒಂದು ತುತ್ತು ಊಟ ಮಾಡಿ ಎಂದು ಕರೆದಳು. ಅವ್ವ ಒಲ್ಲೆ ಎಂದಳು. ಮಾಡಲೇಬೇಕು ಅವ್ವ, ಇವತ್ತು ಬಿಡುವ ಹಾಗಿಲ್ಲ ಎಂದು ನಾನೂ ಹೇಳಿದೆ. ಅವಳು ನನ್ನ ಕಡೆ ನೋಡಲಿಲ್ಲ. ಆ ಮಗಳ ಕೈ ಹಿಡಿದುಕೊಂಡು ಹೇಳಿದಳು.

"ನಿಮ್ಮವ್ವನ ಬಾಯಾಗ ಸ್ನಾನ ಅಂದ್ರ ಬಾ ಅಂತ ಅರ್ಥ ಇತ್ತು ತಂಗಿ. ಹೋಗು ಅಂತ ನಾ ಅದನ್ನ ಹೆಂಗ ಮಾಡ್ಲಿ?"

ಆ ದಿನ ಅವ್ವ ಮೈಮೇಲೆ ನೀರು ಹಾಕಿಕೊಳ್ಳಲಿಲ್ಲ. ತೋಟದ ಹೊಗೆ, ಬೂದಿ ಹೊತ್ತ ಅದೇ ಸೀರೆಯಲ್ಲೇ ಮಲಗಿದಳು. ಯಾರೂ ಅವಳನ್ನು ಒತ್ತಾಯಿಸಲಿಲ್ಲ.

ಕೆಲವು ವರ್ಷಗಳ ನಂತರ ಅವ್ವನೂ ಹೋದಳು. ಎಲ್ಲರೂ ಹೇಳಿದಂತೆ ನಾನು ಸ್ನಾನ ಮಾಡಿದೆ. ಅವ್ವನಷ್ಟು ಗಟ್ಟಿ ನಾನಲ್ಲ. ತಂಬಿಗೆ ತಂಬಿಗೆ ಹೊಯ್ದುಕೊಂಡು, ನೀರಿನ ಸದ್ದಿನ ಮರೆಯಲ್ಲಿ ಇಬ್ಬರಿಗಾಗಿಯೂ ಅತ್ತೆ. ಓನರಕ್ಕನ ಮಕ್ಕಳು ಆ ಮನೆ ಮಾರಿದರು. ನಾನು ಇದೇ ಊರಿನ ಅಂಚಿನಲ್ಲಿ ಸಣ್ಣದೊಂದು ಮನೆ ಕಟ್ಟಿಕೊಂಡೆ. ಈಗ ನಿವೃತ್ತಿಯೂ ಆಯಿತು. ಯಾವೂರು ಎಂದು ಯಾರಾದರೂ ಕೇಳಿದರೆ ಯೋಚಿಸದೆ ಮೂಡಿಗೆರೆ ಎನ್ನುತ್ತೇನೆ.

ಅಣ್ಣನ ಮಗ ಆಗಾಗ ಫೋನು ಮಾಡುತ್ತಾನೆ. ಒಬ್ಬಾಕಿ ಅಲ್ಲಿ ಯಾಕಿರ್ತಿ ಅತ್ತಿ, ಎದ್ದು ಬಂದುಬಿಡು ಎನ್ನುತ್ತಾನೆ. ಒಳ್ಳೆಯ ಹುಡುಗ. ನಾನು ಬರುವುದಿಲ್ಲಪ್ಪ, ಇಲ್ಲಿ ನನ್ನ ಮನೆಯಿದೆ, ನೀನೇ ಬಾ, ನೀರು ಕಾಯಿಸಿಡುತ್ತೇನೆ ಎನ್ನುತ್ತೇನೆ. ನೀರು ಯಾಕೆ ಎಂದು ಅವನು ಕೇಳುತ್ತಾನೆ. ಅದನ್ನು ಬಿಡಿಸಿ ಹೇಳದೆಯೇ ತಿಳಿಯುತ್ತಿದ್ದವರು ಇಬ್ಬರಿದ್ದರು. ಇಬ್ಬರೂ ಈಗಿಲ್ಲ.